ಸಂಘಕ್ಕೆ ಹೊಸಬರನ್ನ ಸೇರಿಸಿಕೊಳ್ಳೋ ಮುಂಚೆ ಇದನ್ನ ಓದಿ

ಸ್ವಸಹಾಯ ಸಂಘ ನಡೆಸ್ತಿರೋ ಅಕ್ಕತಂಗಿಯರು ದಯವಿಟ್ಟು ಪೂರ್ತಿ ಓದಿ. ನಮ್ಮ ಸಂಘದ ಸಾಲದ ಖಾತೆ ಎನ್‌ಪಿಎ ಆಗಿದೆ. ಅಂದ್ರೆ ಕಂತು ಬರ್ತಿಲ್ಲ ಅಂತ ಬ್ಯಾಂಕು ಕೆಟ್ಟ ಸಾಲದ ಪಟ್ಟಿಗೆ ಸೇರಿಸಿದೆ. ಮಳೆ ಕೈಕೊಟ್ಟು ಅಲ್ಲ, ಯಾರೋ ದುಡ್ಡು ಎತ್ಕೊಂಡು ಊರುಬಿಟ್ಟು ಅಲ್ಲ. 14 ಜನರಲ್ಲಿ ಒಬ್ಬಳು ವಾರ ವಾರ ಕೂತು ಆಡಿದ ಮಾತಿಂದ ಆಗಿದೆ. ಹೆಸರು ಹಾಕಲ್ಲ. ಊರವರಿಗೆ ಗೊತ್ತು.

ನಾನು ಸಂಘದ ಎರಡನೇ ಪ್ರತಿನಿಧಿ, ನಡಾವಳಿ ಬರೆಯೋದೂ ನಾನೇ. ಮದುವೆಯಾಗಿ ಹೋದ ಹುಡುಗಿಯ ಜಾಗಕ್ಕೆ ಇವಳು ಬಂದಳು. ಮಾತು ಬಲ್ಲವಳು, ಓದಿದವಳು, ಎಲ್ಲರೂ ಒಪ್ಪಿ ಠರಾವು ಮಾಡಿ ಸೇರಿಸಿಕೊಂಡ್ವಿ. ಶನಿವಾರ ಸಂಜೆ ಅಂಗನವಾಡಿ ಜಗಲಿ ಮೇಲೆ ಸಭೆ. ತಡವಾಗಿ ಬಂದ್ರೆ ಐದು ರೂಪಾಯಿ ದಂಡ, ಮೊದಲಿಂದಲೂ ಇರೋ ನಿಯಮ, ಯಾರೂ ಬೇಜಾರು ಮಾಡ್ಕೊಂಡವರಲ್ಲ. ಇವಳು ತಡವಾಗಿ ಬಂದು, "ದಂಡ ಹಾಕೋಕೆ ನೀವೇನು ಕೋರ್ಟಾ?" ಅಂದ್ಲು. ನಕ್ಕುಬಿಟ್ರು ಎಲ್ಲರೂ. ಮುಂದಿನ ವಾರ ಇನ್ನಿಬ್ಬರು ತಡವಾಗಿ ಬಂದ್ರು, ಅವರೂ ಕೊಡಲಿಲ್ಲ. "ಅವಳ ಹತ್ರ ತಗೊಂಡಿಲ್ಲ, ನಮ್ಮ ಹತ್ರ ಯಾಕೆ?" ಏನು ಹೇಳ್ತೀರಾ ಇದಕ್ಕೆ? ಅಲ್ಲಿಂದಲೇ ಶುರು.

ಆಮೇಲೆ ಹಪ್ಪಳ. ಬೇಸಿಗೆಯಲ್ಲಿ ನಾವೆಲ್ಲ ಸೇರಿ ಉದ್ದಿನ ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡ್ತಿದ್ವಿ. ಯಾರು ಎಷ್ಟು ಲಟ್ಟಿಸಿದ್ರು ಅಂತ ಎಣಿಸಿದವರಿಲ್ಲ. ಕೈ ಚುರುಕಿದ್ದವರು ಹೆಚ್ಚು ಮಾಡ್ತಿದ್ರು, ವಯಸ್ಸಾದ ಅಮ್ಮಂದಿರು ಹಿಟ್ಟು ಕುಟ್ಟಿ ಉಂಡೆ ಮಾಡಿ ಕೊಡ್ತಿದ್ರು, ಹಣ ಸಮನಾಗಿ ಹಂಚಿಕೆ. ಇವಳು ಬಂದು ಎಣಿಸೋಕೆ ಶುರು ಮಾಡಿದ್ಲು. "ನೀನು ನೂರು ಲಟ್ಟಿಸ್ತೀಯ, ಅವಳು ಐವತ್ತು, ದುಡ್ಡು ಮಾತ್ರ ಸಮ, ನಿನಗೆ ಬುದ್ಧಿ ಇಲ್ವಾ?" ಅಂತ ಒಬ್ಬೊಬ್ಬರ ಕಿವಿಯಲ್ಲಿ. ತಾನು ಹೆಚ್ಚು ಮಾಡಿದ್ಲಾ ಅಂದ್ರೆ ಅದೂ ಇಲ್ಲ. ಲಟ್ಟಣಿಗೆ ಪಕ್ಕಕ್ಕಿಟ್ಟು ಫೋನು ನೋಡ್ತಾ ಕೂರೋಳು. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಲಟ್ಟಿಸೋ ಹುಡುಗಿ ಒಬ್ಬಳಿದ್ಲು, ಕಾಗದದ ಹಾಗೆ ತೆಳ್ಳಗೆ ಬರ್ತಿತ್ತು. ಅವಳ ಕೈಯೂ ನಿಧಾನ ಆಯ್ತು. ಕೊನೆಗೆ ನಡುವೆ ದಪ್ಪ, ಅಂಚು ತೆಳು, ಕರಿದ್ರೆ ಅಂಚು ಸೀದು ನಡುವೆ ಹಸಿ ಹಸಿ. ಅಂಗಡಿಯವರು ಚೀಲ ಸಮೇತ ವಾಪಸ್ ಕಳಿಸಿದ್ರು. ಅದಕ್ಕೂ ಅವಳ ಮಾತು ಸಿದ್ಧ: "ನಾನು ಮೊದಲೇ ಹೇಳಿದ್ನಲ್ಲ, ಈ ಸಂಘದ್ದು ಏನೂ ಉದ್ಧಾರ ಆಗಲ್ಲ ಅಂತ." ಹಾಳು ಮಾಡಿದವಳೇ ಭವಿಷ್ಯ ಹೇಳಿದವಳೂ ಆದ್ಲು!

ನಡಾವಳಿ ಪುಸ್ತಕದ ಮೇಲೂ ಅನುಮಾನ ಹುಟ್ಟಿಸಿದ್ಲು. ಲೆಕ್ಕ ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಹೇಳ್ತೀನಿ, ಒಬ್ಬೊಬ್ಬರ ಪಾಸ್‌ಬುಕ್ಕಲ್ಲೂ ಬರೆದು ಕೊಡ್ತೀನಿ. "ಓದೋದೊಂದು, ಇರೋದೊಂದು" ಅಂದ್ಲಂತೆ, ನನ್ನ ಬೆನ್ನ ಹಿಂದೆ. ವರ್ಷಗಟ್ಟಲೆ ಜೊತೆಯಲ್ಲಿ ಕೂತವರು ನನ್ನ ಮುಖ ನೋಡೋ ರೀತಿಯೇ ಬದಲಾಯ್ತು. ಎಲ್ಲಕ್ಕಿಂತ ಇದೇ ನನಗೆ ಜಾಸ್ತಿ ನೋವು ಕೊಟ್ಟಿದ್ದು.

ಇನ್ನು ಸಾಲದ ವಿಷಯ. ಬ್ಯಾಂಕಿಂದ ನಮಗೆ 3 ಲಕ್ಷ ಬಂದಿತ್ತು, ವರ್ಷಕ್ಕೆ ಶೇಕಡ 7 ಬಡ್ಡಿ. ಒಡವೆ ಇಟ್ಟಿಲ್ಲ, ಪಹಣಿ ಕೊಟ್ಟಿಲ್ಲ. ಒಬ್ಬಳು ಹಸು ತಂದಳು, ಒಬ್ಬಳು ಹೊಲಿಗೆ ಮಿಷನ್ನು, ಒಬ್ಬಳು ಅಂಗಡಿಗೆ ಸಾಮಾನು ಹಾಕಿದ್ಲು. ಹಳ್ಳಿ-ಕೃಷಿ ಸಾಲ ನೋಡ್ಕೊಳ್ಳೋ ರಾಷ್ಟ್ರೀಯ ಬ್ಯಾಂಕು ನಬಾರ್ಡ್ 1992ರಲ್ಲಿ ಸಂಘಗಳನ್ನ ಬ್ಯಾಂಕಿಗೆ ಜೋಡಿಸೋಕೆ ಶುರು ಮಾಡಿದಾಗಿಂದ ಇದು ನಡೀತಿರೋದು ಒಂದೇ ಲೆಕ್ಕದ ಮೇಲೆ. ಇವಳಿಗೆ ಅವಳು ಹೊಣೆ, ಅವಳಿಗೆ ಇವಳು ಹೊಣೆ. ಸಭೆ, ಉಳಿತಾಯ, ಒಳಸಾಲ (ಸಂಘದ ಉಳಿತಾಯದಿಂದ ನಮ್ಮವರಿಗೇ ಕೊಡೋ ಸಾಲ), ಮರುಪಾವತಿ, ಲೆಕ್ಕದ ಪುಸ್ತಕ, ಈ ಐದೂ ಸರಿಯಾಗಿರಬೇಕು ಅಂತ ಪಂಚಸೂತ್ರ ಬಾಯಿಪಾಠ ಮಾಡಿಸಿರ್ತಾರೆ. ನಮ್ಮಲ್ಲಿ ಐದೂ ಇತ್ತು. ಒಳಸಾಲ ತಗೊಂಡವರು ಹಬ್ಬದ ಖರ್ಚು ಬಿಟ್ಟು ಕಂತು ಕಟ್ಟಿದ್ದಾರೆ. ಅಂಥ ಹೆಂಗಸರು.

2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತಲ್ಲ, ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯೋಕೆ. ಚಾಮರಾಜನಗರ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದು ಎಲ್ಲಾ ಟಿವಿಯಲ್ಲಿ ಬಂದಿತ್ತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ, ಆಮೇಲೆ 12ನೇ ತಾರೀಕು ಸಹಿ ಹಾಕಿದ್ರು. ಇವಳು ಫೋನಲ್ಲಿ ಒಂದು ವಿಡಿಯೋ ಹಿಡ್ಕೊಂಡು ಸಭೆಗೆ ಬಂದ್ಲು. "ಇನ್ಮೇಲೆ ಯಾರೂ ಕಂತು ಕಟ್ಟಬೇಕಿಲ್ಲ, ಸರ್ಕಾರವೇ ಹೇಳಿದೆ, ಕೇಳೋಕೆ ಬಂದ್ರೆ ಅವರೇ ಜೈಲಿಗೆ." ಆ ಕಾನೂನು ನೋಂದಣಿ ಇಲ್ಲದೆ ಸಾಲ ಕೊಟ್ಟು ಹಿಂಸೆ ಕೊಡೋರಿಗೆ, ಬ್ಯಾಂಕಿಗೂ ರಿಸರ್ವ್ ಬ್ಯಾಂಕಲ್ಲಿ ನೋಂದಣಿ ಆದ ಕಂಪನಿಗೂ ಅನ್ವಯಿಸಲ್ಲ ಅಂತ ನಾನು ಸಂಘಗಳ ಒಕ್ಕೂಟದಲ್ಲಿ ಕೇಳಿಕೊಂಡು ಬಂದು ಹೇಳಿದೆ. "ನೀವು ಬ್ಯಾಂಕಿನವರ ಪರ ಮಾತಾಡ್ತೀರ, ನಿಮಗೆ ಏನು ಸಿಗುತ್ತೋ" ಅಂದ್ಲು. ಎಲ್ಲರ ಮುಂದೆ. ಯಾರೂ ತುಟಿ ಬಿಚ್ಚಲಿಲ್ಲ.

ಆ ತಿಂಗಳು ನಾಲ್ಕು ಜನ ಕಟ್ಟಲಿಲ್ಲ. ಮುಂದಿನ ತಿಂಗಳು ಅರ್ಧಕ್ಕರ್ಧ. ಕಟ್ಟಬೇಕು ಅಂತ ಮನಸ್ಸಿದ್ದವರೂ "ನಾನೊಬ್ಬಳೇ ಕಟ್ಟಿ ಏನಾಗುತ್ತೆ ಬಿಡಕ್ಕಾ" ಅನ್ನೋಕೆ ಶುರು. ಹಾಲಿಗೆ ಹುಳಿ ಹಿಂಡಿದ ಹಾಗೆ ಆಯ್ತು ಇಡೀ ಸಂಘ. ಕಂತು 90 ದಿನ ದಾಟಿ ಬಾಕಿ ನಿಂತ್ರೆ ಎನ್‌ಪಿಎ. ದಾಟಿತು.

ಬ್ಯಾಂಕಿಂದ ಕರೆ ಬಂತು. ಮೊದಲನೇ ಪ್ರತಿನಿಧಿ ಅಕ್ಕ, ನಾನು ಹೋದ್ವಿ. ಮ್ಯಾನೇಜರ್ ಕೂತ್ಕೊಳ್ಳಿ ಅಂತಲೂ ಅನ್ನಲಿಲ್ಲ. "ಬೇರೆ ಸಂಘದವರಿಗೆ ನಿಮ್ಮನ್ನ ತೋರಿಸಿ ಕಲೀರಿ ಅಂತಿದ್ದೆ ಕಣಮ್ಮ" ಅಂದ್ರು, ಅಷ್ಟೇ. ಬೈದಿದ್ರೆ ವಾಸಿ ಇತ್ತು. ತಲೆ ತಗ್ಗಿಸಿ ಹೊರಗೆ ಬಂದ್ರೆ ಕ್ಯಾಶ್ ಕೌಂಟರ್ ಸಾಲಲ್ಲಿ ಯಾರು ನಿಂತಿದ್ರು? ಅವಳೇ. ಕೈಯಲ್ಲಿ ತುಂಬಿದ ಚಲನ್, ಮಡಿಸಿದ ಐನೂರರ ನೋಟು.

"ಏನಮ್ಮಾ ಇಲ್ಲಿ?" ಅಂದೆ.

"ಒಡವೆ ಸಾಲದ ಬಡ್ಡಿ ಕಟ್ಟೋಕೆ ಬಂದೆ. ಡೇಟು ದಾಟಿದ್ರೆ ಹರಾಜಿಗೆ ಹಾಕ್ತಾರಲ್ಲ."

"ಬ್ಯಾಂಕಿಗೆ ಕಟ್ಟಬೇಕಿಲ್ಲ ಅಂದ್ಯಲ್ಲ? ಸರ್ಕಾರ ಹೇಳಿದೆ ಅಂದ್ಯಲ್ಲ?"

ಒಂದು ಚೂರೂ ಅಳುಕಿಲ್ಲ ಮುಖದಲ್ಲಿ. "ಅದು ಸಂಘದ ಸಾಲಕ್ಕೆ ಹೇಳಿದ್ದು ಕಣಕ್ಕಾ. ಇದು ನನ್ನ ಒಡವೆ."

ನನ್ನ ಒಡವೆ! ಅದೇ ಬ್ಯಾಂಕು, ಅದೇ ಕೌಂಟರು. ತನ್ನ ಸರ ಕಳ್ಕೋಬಾರದು ಅಂತ ದಿನ ತಪ್ಪದೆ ಕಟ್ಟುತ್ತಿದ್ದವಳು ನಮ್ಮ ಮುಂದೆ ಕೂತು ಕಟ್ಟಬೇಡಿ ಕಟ್ಟಬೇಡಿ ಅಂತಿದ್ಲು. ನಂಬೋಕೇ ಆಗಲಿಲ್ಲ. ಅಕ್ಕ ಗೋಡೆಗೆ ಒರಗಿ ನಿಂತುಬಿಟ್ರು. ಶನಿವಾರ ಸಭೆಯಲ್ಲಿ ಕೇಳಿದ್ದಕ್ಕೆ ಉತ್ತರ: "ನಾನೇನು ಯಾರ ಕೈಯಾದ್ರೂ ಹಿಡ್ಕೊಂಡಿದ್ನಾ? ಕಟ್ಟೋರು ಕಟ್ಟಬೇಕಿತ್ತು." ನಿಜ, ಕೈ ಹಿಡ್ಕೊಂಡಿಲ್ಲ. ಕಾನೂನಿನಲ್ಲಿ ಅವಳದ್ದು ಏನೂ ತಪ್ಪಿಲ್ಲ. ಅದೇ ಉರಿಯೋದು.

ಈಗ ಹೊಸ ಸಾಲದ ಅರ್ಜಿ ವಾಪಸ್ ಬಂದಿದೆ. ಎರಡನೇ ಹಸು ತರಬೇಕು ಅಂತಿದ್ದವಳು ಮೈಕ್ರೋ ಫೈನಾನ್ಸ್ ಕಂಪನಿ ಸಾಲಕ್ಕೆ ಹೋಗಿ ವಾರದ ಕಂತಿಗೆ ಸಿಕ್ಕಿಕೊಂಡಿದ್ದಾಳೆ. ಅಂದ್ರೆ ಯಾವ ಹಿಂಸೆ ತಪ್ಪಿಸೋಕೆ ಆ ಸುಗ್ರೀವಾಜ್ಞೆ ಬಂತೋ, ಅದರ ಬಾಗಿಲಿಗೇ ಇವಳ ಮಾತು ನಮ್ಮ ಹುಡುಗಿಯನ್ನ ತಂದು ನಿಲ್ಲಿಸ್ತು. ಉಳಿದವರು ಸೇರಿ ಬಾಕಿ ತೀರಿಸ್ತಿದ್ದೀವಿ. ಅವಳ ಪಾಲಿನದ್ದೂ ನಾವೇ.

ನಾನು ಹೇಳೋದು ಇಷ್ಟೇ. ಕಂತು ತಪ್ಪಿಸಿದವಳನ್ನ ಕ್ಷಮಿಸಬಹುದು, ಕಷ್ಟ ಯಾರಿಗೆ ಬರಲ್ಲ. ಸಭೆಯಲ್ಲಿ ಸುಮ್ಮನಿದ್ದು ಹೊರಗೆ ಹೋಗಿ ಕಿವಿಯಲ್ಲಿ ಊದೋಳನ್ನ ಮಾತ್ರ ಸಹಿಸಬೇಡಿ. ಐದು ರೂಪಾಯಿ ದಂಡ ನಿಲ್ಲಿಸಿದ ದಿನವೇ ನಿಲ್ಲಿಸಿ ಕೇಳಿ, ಯಾರು ನಕ್ಕರೂ ಸರಿ. ಅವಳು ಆಡಿದ ಮಾತನ್ನ ನಡಾವಳಿಯಲ್ಲಿ ಅವಳ ಹೆಸರಲ್ಲೇ ಬರೆದು ಸಹಿ ಹಾಕಿಸಿ. ಸದಸ್ಯತ್ವ ತೆಗೆಯೋ ನಿಯಮ ಮೊದಲೇ ಠರಾವಲ್ಲಿ ಇರಲಿ. ನಮ್ಮ ಪುಸ್ತಕದಲ್ಲಿ ಆ ಸಾಲು ಇರಲಿಲ್ಲ, ಅದನ್ನೇ ಹಿಡ್ಕೊಂಡು "ನನ್ನನ್ನ ತೆಗೆಯೋಕೆ ನಿಮಗೆ ಅಧಿಕಾರ ಇಲ್ಲ" ಅಂತ ಕೂತಿದ್ಲು.

ಹೋದ ವಾರ ತಾನೇ ಬಿಟ್ಟು ಹೋದ್ಲು, ಬಾಕಿ ಕಟ್ಟದೆ. ಪಕ್ಕದ ಬೀದಿ ಸಂಘಕ್ಕೆ ಸೇರೋಕೆ ಓಡಾಡ್ತಿದ್ದಾಳಂತೆ, "ಹಳೇ ಸಂಘದವರು ಲೆಕ್ಕ ಸರಿ ಇಟ್ಟಿಲ್ಲ, ಅದಕ್ಕೇ ಬಿಟ್ಟೆ" ಅಂತ ಹೇಳ್ಕೊಂಡು. ನಾವು ಬಾಕಿ ಇಲ್ಲ ಅಂತ ಪತ್ರ ಕೊಟ್ಟಿಲ್ಲ, ಕೊಡೋದೂ ಇಲ್ಲ. ಸೇರಿಸಿಕೊಳ್ಳೋ ಮುಂಚೆ ನಮ್ಮಲ್ಲಿಗೆ ಬನ್ನಿ. ಶನಿವಾರ ಸಂಜೆ ಜಗಲಿ ಮೇಲೆ ಇರ್ತೀವಿ, ಪುಸ್ತಕ ಎಲ್ಲಾ ತೆರೆದು ತೋರಿಸ್ತೀನಿ.