ರಿಮೋಟ್ ಡೆಸ್ಕ್‌ಟಾಪ್‌ಗೆ ಅಂತ ರೂಟರ್‌ನಲ್ಲಿ 3389 ನಂಬರಿನ ಪೋರ್ಟ್ ತೆರೆಸಬೇಡಿ

ಮನೆಯೊಳಗೆ ಒಂದು ಕಂಪ್ಯೂಟರ್‌ನಿಂದ ಇನ್ನೊಂದನ್ನು ನಡೆಸೋಕೆ ರಿಮೋಟ್ ಡೆಸ್ಕ್‌ಟಾಪ್ ಹಾಕಿಕೊಳ್ಳಬೇಕು ಅಂತಿರೋರು ದಯವಿಟ್ಟು ಇದನ್ನು ಓದಿ. ನನ್ನ ಆರು ವರ್ಷದ ಕೆಲಸ ಒಂದೇ ರಾತ್ರಿಯಲ್ಲಿ ಹೋಯಿತು.

ನಾನು ಮೈಸೂರಿನ ಕುವೆಂಪುನಗರದಲ್ಲಿ ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಸಂಘಗಳ ವರದಿ, ಸಣ್ಣಪುಟ್ಟ ಪುಸ್ತಕ. ಕಂಪ್ಯೂಟರ್ ಇರೋದು ಮಹಡಿ ಮೇಲಿನ ಕೋಣೆಯಲ್ಲಿ. ಅತ್ತೆಗೆ ಮಂಡಿ ಆಪರೇಷನ್ ಆದ ಮೇಲೆ ಅವರನ್ನು ಕೆಳಗೆ ಬಿಟ್ಟು ಮೇಲೆ ಕೂರೋ ಹಾಗಿರಲಿಲ್ಲ. ಅವರ ಮಂಚದ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಮೇಲಿನ ಕಂಪ್ಯೂಟರ್ ನಡೆಸೋಣ ಅಂತ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿದೆ.

ಮೇಲಿನದರಲ್ಲಿ ವಿಂಡೋಸ್ ಪ್ರೊ ಇತ್ತು, ಸಲೀಸಾಗಿ ಆಯಿತು. (ಹೋಮ್ ಆವೃತ್ತಿಯಿಂದ ಬೇರೆ ಕಂಪ್ಯೂಟರ್‌ಗೆ ಹೋಗಬಹುದು, ಅದರೊಳಕ್ಕೆ ಹೀಗೆ ಬರೋಕಾಗಲ್ಲ.) ಸೆಟ್ಟಿಂಗ್ಸ್‌ನಲ್ಲಿ ಒಂದು ಬಟನ್ ಒತ್ತಿದೆ. ಕೆಳಗಿನ ಲ್ಯಾಪ್‌ಟಾಪ್‌ನಲ್ಲಿ 192.168.1.5 ಅಂತ ವಿಳಾಸ, ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟೆ. ಅಷ್ಟೇ. ರೂಟರ್ ಮುಟ್ಟಲೇ ಇಲ್ಲ. ಎರಡೂ ಒಂದೇ ವೈಫೈನಲ್ಲಿದ್ದರೆ ಮುಟ್ಟೋ ಅಗತ್ಯವೂ ಇಲ್ಲ.

ಒಂದು ದಿನ ಕರೆಂಟ್ ಹೋಗಿ ಬಂತು. ಆಮೇಲೆ ಕನೆಕ್ಟ್ ಆಗಲೇ ಇಲ್ಲ. ಆಗಿದ್ದು ಇಷ್ಟೇ: ರೂಟರ್ ಮತ್ತೆ ಆನ್ ಆದಾಗ ಮೇಲಿನ ಕಂಪ್ಯೂಟರ್‌ಗೆ 192.168.1.8 ಅಂತ ಬೇರೆ ವಿಳಾಸ ಕೊಟ್ಟಿತ್ತು. ವಿಳಾಸದ ಬದಲು ಕಂಪ್ಯೂಟರ್‌ನ ಹೆಸರು ಹಾಕಿದ್ದರೆ ಸಾಮಾನ್ಯವಾಗಿ ಸಿಗುತ್ತೆ. ಇಲ್ಲಾಂದ್ರೆ ರೂಟರ್‌ನಲ್ಲಿ ಆ ಕಂಪ್ಯೂಟರ್‌ಗೆ ಒಂದೇ ವಿಳಾಸ ಕಾಯಂ ಮಾಡಬಹುದು. ನನಗೆ ಅದು ಗೊತ್ತಿರಲಿಲ್ಲ. ಪರಿಚಯದವರು ಹೇಳಿದ ಒಬ್ಬ ಹುಡುಗನನ್ನು ಕರೆಸಿದೆ.

ಅವನು ವಿಳಾಸ ಕಾಯಂ ಮಾಡಿದ, ಅದು ಸರಿಯೇ. ಆಮೇಲೆ, "ಮೇಡಂ, ಹೊರಗಡೆಯಿಂದಲೂ ಸಿಗೋ ಹಾಗೆ ಮಾಡಿಕೊಡ್ಲಾ? ಮಂಡ್ಯಕ್ಕೆ ಹೋದಾಗ ಅಲ್ಲಿಂದಲೇ ಕೆಲಸ ಮಾಡಬಹುದು" ಅಂದ. ನನ್ನ ತವರು ಮಂಡ್ಯ. ಅಮ್ಮನ ಮನೆಗೆ ಹೋದರೆ ಕೆಲಸ ನಿಲ್ಲುತ್ತಲ್ಲ ಅನ್ನೋದು ಯಾವಾಗಲೂ ಇದ್ದ ಚಿಂತೆ. ಮಾಡಪ್ಪ ಅಂದೆ. ಇಂಟರ್ನೆಟ್ ಕಂಪನಿಗೆ ಹೇಳಿಸಿ, ಹೆಚ್ಚಿಗೆ ದುಡ್ಡು ಕಟ್ಟಿ ಸ್ಟ್ಯಾಟಿಕ್ ಐಪಿ, ಅಂದ್ರೆ ಬದಲಾಗದ ಇಂಟರ್ನೆಟ್ ವಿಳಾಸ, ತಗೊಂಡೆವು. ಅವನು ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಪುಟ ತೆರೆದು 3389 ಅಂತ ಹಾಕಿದ. ಐದು ನಿಮಿಷದ ಕೆಲಸ.

3389 ಅಂದ್ರೆ ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲು. 192.168ರಿಂದ ಶುರುವಾಗೋ ವಿಳಾಸ ಮನೆಯೊಳಗಿನದ್ದು, ಹೊರಗಿನವರಿಗೆ ನೇರವಾಗಿ ಸಿಗಲ್ಲ. ಪೋರ್ಟ್ ಫಾರ್ವರ್ಡ್ ಮಾಡಿದ ಕ್ಷಣ ಆ ಬಾಗಿಲು ಬೀದಿಗೆ ಬರುತ್ತೆ. ಯಾರಾದರೂ ನಿಮ್ಮ ಮನೆಯನ್ನೇ ಹುಡುಕಿಕೊಂಡು ಬರಬೇಕಿಲ್ಲ. ಇಂಟರ್ನೆಟ್‌ನಲ್ಲಿ ಯಾವ ವಿಳಾಸದಲ್ಲಿ ಇದು ತೆರೆದಿದೆ ಅಂತ ಹಗಲೂ ರಾತ್ರಿ ತಡಕಾಡೋ ಪ್ರೋಗ್ರಾಮ್‌ಗಳಿವೆ. ನನ್ನ ಯೂಸರ್ ನೇಮ್ 'ಅಡ್ಮಿನ್', ಪಾಸ್‌ವರ್ಡ್ ಊರ ಹೆಸರಿನ ಜೊತೆ 123. ಎಷ್ಟು ಹೊತ್ತು ತಡೆಯುತ್ತೆ?

ಇಪ್ಪತ್ತು ದಿನ ಕಳೆದಿರಬೇಕು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಲ್ಯಾಪ್‌ಟಾಪ್ ತೆರೆದೆ. ಡೆಸ್ಕ್‌ಟಾಪ್‌ನಲ್ಲಿದ್ದ ಐಕಾನ್‌ಗಳೆಲ್ಲ ಬಿಳಿ ಕಾಗದದ ಹಾಗೆ ಆಗಿದ್ದವು. ಪ್ರತಿ ಫೈಲ್ ಹೆಸರಿನ ಬಾಲಕ್ಕೆ ಯಾವುದೋ ಇಮೇಲ್ ವಿಳಾಸ ಅಂಟಿಕೊಂಡಿತ್ತು. ಜೊತೆಗೊಂದು ಚೀಟಿ: ಫೈಲ್ ಬೇಕಾದರೆ ಬಿಟ್‌ಕಾಯಿನ್‌ನಲ್ಲಿ ದುಡ್ಡು ಕಳಿಸಿ. ಬ್ಯಾಕಪ್ ಇದೆಯಲ್ಲ ಅಂತ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೆರೆದೆ. ಅದನ್ನು ಯಾವಾಗಲೂ ಕಂಪ್ಯೂಟರ್‌ಗೆ ಸಿಕ್ಕಿಸಿಯೇ ಇಡುತ್ತಿದ್ದೆ. ಅದರಲ್ಲೂ ಅದೇ ಬಾಲ. ಕೈಕಾಲು ತಣ್ಣಗಾಯಿತು.

ಸಂಬಂಧಿಕರ ಮಗ ಸಾಫ್ಟ್‌ವೇರ್‌ನಲ್ಲಿದ್ದಾನೆ. ಅವನು ಬಂದು ಮೊದಲು ನೆಟ್ ಕೇಬಲ್ ಕಿತ್ತ. ಆಮೇಲೆ ಕಂಪ್ಯೂಟರ್‌ನಲ್ಲಿ ನಡೆದದ್ದರ ದಾಖಲೆ ತೋರಿಸೋ ಈವೆಂಟ್ ವ್ಯೂವರ್ ತೆರೆದು ತೋರಿಸಿದ. ಸೆಕ್ಯುರಿಟಿ ಅನ್ನೋ ಪಟ್ಟಿಯಲ್ಲಿ 4625, 4625, 4625. ಅಂದರೆ ತಪ್ಪು ಪಾಸ್‌ವರ್ಡ್ ಹಾಕಿದ ಪ್ರತಿ ಸಲದ ದಾಖಲೆ. ಕೆಲವು ಸೆಕೆಂಡಿಗೆ ಒಂದರಂತೆ, ಪುಟಗಟ್ಟಲೆ. ರಾತ್ರಿ 2:47ಕ್ಕೆ ಒಂದು 4624, ಲಾಗಿನ್ ಟೈಪ್ 10. ಅದು ರಿಮೋಟ್ ಡೆಸ್ಕ್‌ಟಾಪ್‌ನಿಂದ ಒಳಗೆ ಬಂದ ಗುರುತು. ಆ ಹೊತ್ತಲ್ಲಿ ನಾವೆಲ್ಲ ಮಲಗಿದ್ದೆವು. ಮೇಲೆ ಕಂಪ್ಯೂಟರ್ ಮಾತ್ರ ಆನ್ ಇತ್ತು.

ದುಡ್ಡು ಕಟ್ಟಲಿಲ್ಲ. ಕೊಟ್ಟರೆ ಫೈಲ್ ವಾಪಸ್ ಬರುತ್ತೆ ಅನ್ನೋ ಭರವಸೆ ಏನು? ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಟ್ಟೆ. ಯಾರದಾದರೂ ಬ್ಯಾಂಕ್ ಖಾತೆಯಿಂದ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಪೋರ್ಟ್ ನಂಬರ್ ಬದಲಾಯಿಸಿದರೆ ಸಾಕು ಅಂತ ಆಮೇಲೆ ಒಬ್ಬರು ಹೇಳಿದರು. ಸಾಕಾಗಲ್ಲ. ಹುಡುಕೋ ಪ್ರೋಗ್ರಾಮ್‌ಗಳು ಬೇರೆ ನಂಬರ್‌ಗಳನ್ನೂ ತಟ್ಟಿ ನೋಡುತ್ತವೆ. ಗಟ್ಟಿ ಪಾಸ್‌ವರ್ಡ್ ಇದ್ದರೂ ನಿಶ್ಚಿಂತೆ ಇಲ್ಲ. 2019ರ ಮೇನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನಲ್ಲೇ ಇದ್ದ ಬ್ಲೂಕೀಪ್ ಅನ್ನೋ ದೋಷ ಬೆಳಕಿಗೆ ಬಂತು. ವಿಂಡೋಸ್ 7 ಮತ್ತು ಅದಕ್ಕಿಂತ ಹಳೆಯವುಗಳೊಳಗೆ ಪಾಸ್‌ವರ್ಡೇ ಇಲ್ಲದೆ ನುಗ್ಗಬಹುದಿತ್ತು. ಎಂದೋ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ಪ್ಯಾಚ್, ಅಂದ್ರೆ ದೋಷ ಮುಚ್ಚೋ ಅಪ್‌ಡೇಟ್, ಕೊಟ್ಟಿತು. ಪೇಜ್‌ಮೇಕರ್ ಅನ್ನೋ ಹಳೇ ಪುಟವಿನ್ಯಾಸದ ಸಾಫ್ಟ್‌ವೇರ್ ಓಡಲಿ ಅಂತ ಇನ್ನೂ ಹಳೇ ವಿಂಡೋಸ್ ಇಟ್ಟುಕೊಂಡಿರೋ ಡಿಟಿಪಿಯವರು ನಮ್ಮಲ್ಲಿದ್ದಾರೆ. ಅವರ ಬಗ್ಗೆ ನನಗೆ ನಿಜವಾಗಿಯೂ ಭಯ.

ಇವತ್ತೇ ಬ್ರೌಸರ್‌ನಲ್ಲಿ ನಿಮ್ಮ ರೂಟರ್‌ನ ಪುಟ ತೆರೆಯಿರಿ. ಬಹಳ ಕಡೆ ಅದು 192.168.1.1. ಪೋರ್ಟ್ ಫಾರ್ವರ್ಡಿಂಗ್ ಅಥವಾ ವರ್ಚುವಲ್ ಸರ್ವರ್ ಅಂತ ಇರುತ್ತೆ. ಅಲ್ಲಿ 3389 ಕಂಡರೆ ತೆಗೆದುಬಿಡಿ. ಒಂದು ಕಂಪ್ಯೂಟರನ್ನು ಪೂರ್ತಿ ಹೊರಗೆ ತೆರೆದಿಡೋ ಡಿಎಂಜೆಡ್ ಅನ್ನೋದು ಆನ್ ಇದ್ದರೆ ಅದನ್ನೂ ಆಫ್ ಮಾಡಿ. ಹೊರಗಿನಿಂದ ಬರಲೇಬೇಕು ಅಂದ್ರೆ ವಿಪಿಎನ್ ಮೂಲಕ, ಅಂದ್ರೆ ನಿಮ್ಮ ಸಾಧನಗಳಿಗೆ ಮಾತ್ರ ಸೀಮಿತವಾದ ಗುಪ್ತ ದಾರಿಯಲ್ಲಿ, ಬನ್ನಿ. ನಾನೀಗ ಟೇಲ್‌ಸ್ಕೇಲ್ ಅನ್ನೋ ವಿಪಿಎನ್ ಹಾಕಿಕೊಂಡಿದ್ದೇನೆ. ಅದಕ್ಕೆ ರೂಟರ್‌ನಲ್ಲಿ ಏನೂ ತೆರೆಯಬೇಕಿಲ್ಲ, ಸ್ಟ್ಯಾಟಿಕ್ ಐಪಿಯೂ ಬೇಡ. ಬ್ಯಾಕಪ್ ಆದ ತಕ್ಷಣ ಹಾರ್ಡ್ ಡಿಸ್ಕ್ ಕಿತ್ತು ಬೀರುವಿನಲ್ಲಿ ಇಡುತ್ತೇನೆ.

ಹೋದ ಫೈಲ್‌ಗಳಲ್ಲಿ ಮಂಡ್ಯ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪುಸ್ತಕ ಇತ್ತು. ಆಲೆಮನೆಗಳ ಬಗ್ಗೆ, 212 ಪುಟ. ವಿಷಯ ಹೇಳೋಕೆ ಫೋನ್ ಮಾಡಿದಾಗ ನನ್ನ ಗಂಟಲು ಕಟ್ಟಿತ್ತು. ಅವರು ಬೈಯಲಿಲ್ಲ. ಎರಡನೇ ಪ್ರೂಫ್‌ನ ಕಾಗದ ಜೋಪಾನವಾಗಿ ಇಟ್ಟಿದ್ದರು. ಮಾರನೇ ದಿನ ಬಸ್ಸಿನಲ್ಲಿ ಬಂದು, ಬಟ್ಟೆ ಚೀಲದಿಂದ ಆ ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ಅಂಚಿನಲ್ಲೆಲ್ಲ ಕೆಂಪು ಶಾಯಿಯ ತಿದ್ದುಪಡಿ. ಅದನ್ನೇ ನೋಡಿಕೊಂಡು ಮತ್ತೆ ಟೈಪ್ ಮಾಡುತ್ತಿದ್ದೇನೆ. ಈಗ 138ನೇ ಪುಟ.