ಗ್ರಂಥಿಗೆ ಅಂಗಡಿಯ ಸೀಗೆಪುಡಿ ಗುಂಗುರು ಕೂದಲಿಗೆ ಆಗುತ್ತಾ?

ಸೀಗೆಪುಡಿ ಒಂದನ್ನೇ ಹಚ್ಚಿಕೊಂಡು ಕೂದಲು ನಯವಾಗುತ್ತೆ ಅಂತ ಕಾದರೆ ಆಗಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸೀಗೆ ತೊಳೆಯುವ ಪದಾರ್ಥ. ಅದರಲ್ಲಿರುವ ಸಪೋನಿನ್ ಜಿಡ್ಡು ತೆಗೆಯುತ್ತದೆ, ಅಷ್ಟೇ. ಮೆದು ಮಾಡುವ ಕೆಲಸ ದಾಸವಾಳದ ಎಲೆಯದ್ದು, ಮೆಂತ್ಯದ್ದು, ಮಲೆನಾಡಿನವರಾದರೆ ಮತ್ತಿ ಸೊಪ್ಪಿನದ್ದು. ಇವುಗಳ ಲೋಳೆಯೇ ನಮ್ಮ ಕಂಡೀಷನರ್.

ನನ್ನದು ಗುಂಗುರು ಕೂದಲು, ಮನೆಗೆ ಬರೋದು ಬೋರ್‌ವೆಲ್‌ನ ಗಡಸು ನೀರು. ಎರಡೂ ಸೇರಿದರೆ ಏನಾಗುತ್ತೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ ಅಲ್ವಾ? ಚಿಕ್ಕಪೇಟೆ ಕಡೆಯ ಗ್ರಂಥಿಗೆ ಅಂಗಡಿಯಿಂದ (ಪೂಜೆ ಸಾಮಾನು, ನಾಟಿ ಮದ್ದಿನ ಸಾಮಾನು ಮಾರುವ ಅಂಗಡಿ) ತಂದ ಪುಡಿ ಈಗ ಬಳಸುತ್ತಿದ್ದೇನೆ. ಸೀಗೆಕಾಯಿ, ಅಂಟುವಾಳ, ಒಣ ನೆಲ್ಲಿಕಾಯಿ, ಸ್ವಲ್ಪ ಮೆಂತ್ಯ, ಇಷ್ಟೇ ಇರೋದು. ಬಣ್ಣ ಮಂಕು ಕಂದು, ವಾಸನೆ ಸ್ವಲ್ಪ ಹುಳಿ. ಇದಕ್ಕೂ ಮೊದಲು ಆನ್‌ಲೈನಲ್ಲಿ ತರಿಸಿದ್ದ ಒಂದು ಪ್ಯಾಕೆಟ್ ಪುಡಿ ತೆರೆದ ಕೂಡಲೇ ಊದುಬತ್ತಿ ವಾಸನೆ ಹೊಡೆಯುತ್ತಿತ್ತು. ಸೀಗೆಗೆ ಅಂಥ ವಾಸನೆ ಎಲ್ಲಿಂದ ಬರಬೇಕು? ಇನ್ನು ಬಾಟಲಿ ಮೇಲೆ ಸೀಗೆಕಾಯಿ ಚಿತ್ರ ಹಾಕಿರುವ ಶಾಂಪೂಗಳನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಎಷ್ಟೋ ಬಾಟಲಿಗಳಲ್ಲಿ ನೊರೆ ಬರಿಸುವುದು ಸೋಡಿಯಂ ಲಾರೆತ್ ಸಲ್ಫೇಟ್, ಸೀಗೆ ಹೆಸರಿಗೆ ಮಾತ್ರ.

ಬಳಸುವ ಕ್ರಮವೇ ಇಲ್ಲಿ ಮುಖ್ಯ. ಮೊದಲು ತಲೆಗೆ ಕೊಬ್ಬರಿ ಎಣ್ಣೆ ಬೀಳಲೇಬೇಕು. ದೀಪಾವಳಿ, ಯುಗಾದಿಯಲ್ಲಿ ಎಣ್ಣೆ ಹಚ್ಚಿದ ಮೇಲೇ ಸೀಗೆ ತಿಕ್ಕುತ್ತಿದ್ದರಲ್ಲ, ಅದು ಸುಮ್ನೆ ಶಾಸ್ತ್ರವಲ್ಲ. ಎಣ್ಣೆ ಇಲ್ಲದ ಗುಂಗುರು ಕೂದಲಿಗೆ ಬರೀ ಸೀಗೆ ಹಾಕಿದರೆ ಒಣಗಿ ಬಿರುಸಾಗುತ್ತದೆ. ಪುಡಿಯನ್ನು ಅಕ್ಕಿ ತೊಳೆದ ನೀರಲ್ಲೋ ಗಂಜಿಯಲ್ಲೋ ಕಲಸಿ, ತೆಳ್ಳಗಿನ ಬಟ್ಟೆಯಲ್ಲಿ ಸೋಸಿ ಹಾಕಿಕೊಳ್ಳಿ. ಸೋಸದಿದ್ದರೆ ಪುಡಿ ಸುರುಳಿಗಳ ಒಳಗೆ ಸೇರಿಕೊಂಡು ಮಾರನೇ ದಿನವೂ ದಿಂಬಿನ ಮೇಲೆ ಉದುರುತ್ತಿರುತ್ತದೆ, ಬಚ್ಚಲ ಜಾಲರಿ ಕಟ್ಟಿಕೊಳ್ಳುವುದು ಬೇರೆ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳಿ, ಉರಿ ಅಂದರೆ ಉರಿ!

ತೊಳೆದ ಮೇಲೆ ಲೋಳೆ. ಒಂದು ಹಿಡಿ ದಾಸವಾಳದ ಎಲೆ ನೀರಲ್ಲಿ ನೆನೆಸಿ ಕೈಯಲ್ಲೇ ಚೆನ್ನಾಗಿ ಕಿವುಚಿದರೆ ಜಾರುವ ಹಸಿರು ಲೋಳೆ ಬಿಡುತ್ತದೆ. ಮಿಕ್ಸಿಗೆ ಹಾಕಬೇಡಿ, ಚೂರುಗಳನ್ನು ಸೋಸುವುದೇ ಕೆಲಸವಾಗುತ್ತದೆ. ಒದ್ದೆ ಕೂದಲಿಗೆ ಅದನ್ನು ಹಚ್ಚಿ, ಬೆರಳಲ್ಲೇ ಸಿಕ್ಕು ಬಿಡಿಸಿ, ಸ್ವಲ್ಪ ಹೊತ್ತು ಬಿಟ್ಟು ಬರೀ ನೀರಲ್ಲಿ ತೊಳೆಯಿರಿ. ಸಿಕ್ಕು ಬಿಡೋದನ್ನು ನೋಡಬೇಕು ನೀವು, ಬಾಚಣಿಗೆ ಹಿಡಿದು ಜಗಳವಾಡುವುದೇ ಇಲ್ಲ. ಎಲೆ ಸಿಗದವರು ರಾತ್ರಿ ನೆನೆಸಿದ ಮೆಂತ್ಯವನ್ನು ನುಣ್ಣಗೆ ರುಬ್ಬಿ ಹಚ್ಚಬಹುದು. ಆದರೆ ಅದರ ವಾಸನೆ ಬೇಗ ಹೋಗಲ್ಲ, ನೆಗಡಿಯ ಮೈಯವರಿಗೆ ಜಾಸ್ತಿ ಹೊತ್ತು ತಲೆ ಮೇಲೆ ಇಟ್ಟರೆ ಶೀತ ಅನ್ನಿಸುತ್ತದೆ.

ಗಡಸು ನೀರಲ್ಲಿ ಸೋಪು ಬಿಳಿ ಜಿಡ್ಡಾಗಿ ಅಂಟಿಕೊಳ್ಳುವ ಹಾಗೆ ಸೀಗೆ ಅಂಟುವುದಿಲ್ಲ, ನನ್ನಂಥವರಿಗೆ ಇದೇ ದೊಡ್ಡ ಲಾಭ. ಕೂದಲು ಉದ್ದ ಬೆಳೆಯಿತಾ ಅಂತ ಕೇಳಬೇಡಿ, ಬೆಳೆದಿಲ್ಲ. ಹೊಳಪಿದೆ, ಸುರುಳಿಗಳು ಒಟ್ಟಿಗೆ ಕೂರುತ್ತವೆ. ಬಿಳಿ ಟವೆಲ್ ಮಾತ್ರ ಕಂದಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಕಂಪನಿ ಕ್ಯಾಬ್ ಹತ್ತುವವರಿಗೆ ಇದು ಭಾನುವಾರದ ಕೆಲಸವೇ.

ಪುಡಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ದಾಸವಾಳದ ಎಲೆಗೆ ಪೂರ್ತಿ ಐದು. ಸಾಧ್ಯವಾದರೆ ಪುಡಿಯ ಬದಲು ಇಡೀ ಕಾಯಿಯನ್ನೇ ತಗೊಳ್ಳಿ, ಏನು ಬೆರೆಸಿದ್ದಾರೋ ಅನ್ನುವ ಅನುಮಾನ ಇರಲ್ಲ. ಬಿಸಿಲಲ್ಲಿ ಗರಿಗರಿ ಒಣಗಿಸಿ ಗಿರಣಿಗೆ ಕೊಡಿ. ಕೊಡುವಾಗ ಖಾರದಪುಡಿ ಬೀಸುವ ಮಿಷನ್ನೇ ಇದಕ್ಕೂನಾ ಅಂತ ಒಂದು ಮಾತು ಕೇಳಿಕೊಳ್ಳಿ.