ಜಿಆರ್‌ಇ ಇಂಗ್ಲಿಷ್ ಅಭ್ಯಾಸಕ್ಕೆ ಆಂಕಿ: ಪೊನ್ನಂಪೇಟೆಯಲ್ಲಿ ಒಂದು ಮಳೆಗಾಲ ಬಳಸಿದ ಮೇಲೆ

ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಪದವಿ ಮುಗಿಸಿ, ಹೊರದೇಶದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವ ಆಸೆಯಿಂದ ಜಿಆರ್‌ಇ ಪರೀಕ್ಷೆಗೆ ಸಿದ್ಧಳಾದವಳು ನಾನು. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಗಣಿತದ ಭಾಗ ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಇಂಗ್ಲಿಷ್ ಓದು ಮತ್ತು ಶಬ್ದಸಂಪತ್ತನ್ನು ಅಳೆಯುವ ವರ್ಬಲ್ ಭಾಗವೇ ನಿಜವಾದ ಚಿಂತೆಯಾಗಿತ್ತು. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೆರಡು ಸಲ ಬಿಟ್ಟುಹೋದದ್ದನ್ನು ಬಿಟ್ಟರೆ ಪ್ರತಿದಿನ ಬಳಸಿದ, ಒಂದು ಬದಿ ಪ್ರಶ್ನೆ ಇನ್ನೊಂದು ಬದಿ ಉತ್ತರವಿರುವ ಕಾರ್ಡುಗಳಿಂದ ನೆನಪಿಟ್ಟುಕೊಳ್ಳಲು ನೆರವಾಗುವ ಆಂಕಿ ಎಂಬ ತಂತ್ರಾಂಶದ ಬಗ್ಗೆ, ಅದರ ಜೊತೆಜೊತೆಗೆ ಮಾಡಿದ, ಜಿಆರ್‌ಇ ನಡೆಸುವ ಇಟಿಎಸ್ ಸಂಸ್ಥೆಯ ಉಚಿತ ಮಾದರಿ ಪರೀಕ್ಷೆಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಒಂದನ್ನು ಬಿಟ್ಟು ಇನ್ನೊಂದನ್ನು ಬಳಸಿದರೆ ಅರ್ಧ ಪ್ರಯೋಜನವೂ ಸಿಗದೆಂಬುದು ನನ್ನ ಅನುಭವವಾದ್ದರಿಂದ ಎರಡನ್ನೂ ಒಟ್ಟಿಗೇ ನೋಡುವುದು ನ್ಯಾಯ.

ಪರೀಕ್ಷೆ ಏನು ಕೇಳುತ್ತದೆ ಎಂಬುದು ತಿಳಿಯದೆ ಸಾಧನದ ಬೆಲೆ ಕಟ್ಟಲಾಗದು. 2023ರ ಸೆಪ್ಟೆಂಬರ್‌ನಿಂದ ಜಿಆರ್‌ಇ ಚಿಕ್ಕದಾಗಿದೆ. ಒಟ್ಟು ಅವಧಿ 1 ಗಂಟೆ 58 ನಿಮಿಷ. ವರ್ಬಲ್‌ನಲ್ಲಿ ಎರಡು ವಿಭಾಗಗಳಿದ್ದು, ಮೊದಲನೆಯದರಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದರಲ್ಲಿ 23 ನಿಮಿಷಕ್ಕೆ 15 ಪ್ರಶ್ನೆ ಇರುತ್ತವೆ. ಮೊದಲ ವಿಭಾಗವನ್ನು ಹೇಗೆ ಬರೆದಿದ್ದೇವೆಂಬುದರ ಮೇಲೆ ಎರಡನೆಯದರ ಕಾಠಿಣ್ಯ ನಿರ್ಧಾರವಾಗುತ್ತದೆ. ಅಂಕಗಳು 130ರಿಂದ 170ರವರೆಗೆ. ಪ್ರಶ್ನೆಗಳಲ್ಲಿ ಸುಮಾರು ಅರ್ಧದಷ್ಟು ಗದ್ಯಭಾಗ ಓದಿ ಉತ್ತರಿಸುವಂಥವು. ಉಳಿದವು ಬಿಟ್ಟ ಸ್ಥಳ ತುಂಬುವಂಥವು, ಮತ್ತು ಒಂದೇ ಖಾಲಿ ಜಾಗಕ್ಕೆ ಆರು ಪದಗಳಲ್ಲಿ ಸಮಾನ ಅರ್ಥ ಕೊಡುವ ಎರಡನ್ನು ಆರಿಸುವಂಥವು. ಮೂರು ಖಾಲಿ ಜಾಗಗಳಿರುವ ಪ್ರಶ್ನೆಯಲ್ಲಿ ಎರಡನ್ನು ಸರಿಯಾಗಿ ತುಂಬಿ ಒಂದನ್ನು ತಪ್ಪಿದರೂ ಅಂಕವಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ವಿರುದ್ಧಪದಗಳನ್ನು ನೇರವಾಗಿ ಕೇಳುವ ಪದ್ಧತಿ 2011ರ ಆಗಸ್ಟ್‌ನಲ್ಲೇ ಹೋಗಿದೆ. ಆದ್ದರಿಂದ ಹಿರಿಯರಿಂದ ಬಂದ ಹಳೆಯ ಶಬ್ದಪಟ್ಟಿಗಳನ್ನು ಉರುಹೊಡೆಯುವವರು, ಈಗಿನ ಪರೀಕ್ಷೆ ಪದದ ಅರ್ಥವನ್ನಷ್ಟೇ ಅಲ್ಲದೆ ವಾಕ್ಯದಲ್ಲಿ ಅದು ಮಾಡುವ ಕೆಲಸವನ್ನೂ ಕೇಳುತ್ತದೆಂಬುದನ್ನು ಮೊದಲು ಮನಗಾಣಬೇಕು.

ನಾನು ಆರಂಭಿಸಿದ್ದು ಆಂಕಿಯಿಂದಲ್ಲ. ಮೊದಲು ಹಣ ಕೊಟ್ಟು ಒಂದು ಶಬ್ದಾಭ್ಯಾಸದ ಆ್ಯಪ್ ತೆಗೆದುಕೊಂಡೆ. ಅದರ ಹೆಸರು ಇಲ್ಲಿ ಬೇಡ. ಸಾವಿರ ಪದಗಳು, ಪ್ರತಿ ಪದಕ್ಕೆ ಇಂಗ್ಲಿಷಿನಲ್ಲೇ ಒಂದು ಸಾಲಿನ ಅರ್ಥ, ಕೊನೆಗೆ ಹಸಿರು ಟಿಕ್ ಗುರುತು. ಮೂರು ವಾರಗಳಲ್ಲಿ ನಾನೂರು ಪದಗಳಿಗೆ ಟಿಕ್ ಬಿದ್ದಿತ್ತು. ಆದರೆ ಮಾದರಿ ಪ್ರಶ್ನೆಗಳಲ್ಲಿ ಅವೇ ಪದಗಳು ಎದುರಾದಾಗ ಮುಖಪರಿಚಯವಿದ್ದೂ ಹೆಸರು ನೆನಪಾಗದ ನೆಂಟರನ್ನು ಕಂಡಂತಾಗುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ನೆಟ್‌ವರ್ಕ್ ಇಲ್ಲದಿದ್ದರೆ ಅದು ತೆರೆಯುತ್ತಲೇ ಇರಲಿಲ್ಲ. ದಕ್ಷಿಣ ಕೊಡಗಿನ ಮಳೆಗಾಲ ಗೊತ್ತಿರುವವರಿಗೆ ಇದರ ಅರ್ಥವಾಗುತ್ತದೆ: ಜುಲೈನಲ್ಲಿ ಮರವೊಂದು ತಂತಿಯ ಮೇಲೆ ಬಿದ್ದರೆ ಕರೆಂಟ್ ಎರಡು ದಿನ ಬರುವುದಿಲ್ಲ, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಕೂಡ ಮೌನವಾಗುತ್ತದೆ.

ಆಂಕಿ ಈ ಎರಡೂ ಕೊರತೆಗಳನ್ನು ತುಂಬಿತು. ಜಪಾನಿ ಭಾಷೆಯಲ್ಲಿ ಕಂಠಪಾಠ ಎಂಬರ್ಥದ ಹೆಸರು ಹೊತ್ತಿರುವ ಇದು 2006ರಿಂದ ಇರುವ ಮುಕ್ತ ತಂತ್ರಾಂಶ. ಕಂಪ್ಯೂಟರಿನಲ್ಲಿ ಉಚಿತ, ಆಂಡ್ರಾಯ್ಡ್ ಫೋನಿಗೆ ಸ್ವಯಂಸೇವಕರು ಬೆಳೆಸಿರುವ ಆಂಕಿಡ್ರಾಯ್ಡ್ ಕೂಡ ಉಚಿತ. ಕಾರ್ಡುಗಳೆಲ್ಲ ಫೋನಿನಲ್ಲೇ ಇರುವುದರಿಂದ ನೆಟ್‌ವರ್ಕ್ ಇಲ್ಲದೆಯೂ ಅಭ್ಯಾಸ ಸಾಗುತ್ತದೆ. ಸಂಪರ್ಕ ಬಂದಾಗ ಒಮ್ಮೆ ಸಿಂಕ್ ಮಾಡಿದರೆ ಕಂಪ್ಯೂಟರಿಗೂ ಫೋನಿಗೂ ಲೆಕ್ಕ ಸರಿಹೋಗುತ್ತದೆ. ಇದರ ಮೂಲತತ್ತ್ವ ಸರಳವಾದುದು. ಕಲಿತದ್ದು ಮೊದಲ ದಿನಗಳಲ್ಲಿ ಬೇಗ ಮರೆಯುತ್ತದೆ, ಮರೆಯುವ ಅಂಚಿನಲ್ಲಿ ನೆನಪಿಸಿಕೊಂಡರೆ ಮುಂದಿನ ಬಾರಿ ಹೆಚ್ಚು ಕಾಲ ಉಳಿಯುತ್ತದೆ; ಆದ್ದರಿಂದ ಸರಿಯಾಗಿ ಹೇಳಿದ ಕಾರ್ಡು ಕೆಲವು ದಿನಗಳ ನಂತರ, ಆಮೇಲೆ ಕೆಲವು ವಾರಗಳ ನಂತರ, ಕ್ರಮೇಣ ತಿಂಗಳುಗಳ ನಂತರ ಮರಳಿ ಬರುತ್ತದೆ. ತಪ್ಪಿದ್ದು ಅಂದೇ ಬರುತ್ತದೆ.

ಇದರ ನಿಜವಾದ ಶಕ್ತಿ ಇರುವುದು ಕಾರ್ಡನ್ನು ನಾವೇ ಬರೆಯುವುದರಲ್ಲಿ. ಇತರರು ಮಾಡಿಟ್ಟ ಕಾರ್ಡುಗಳ ಕಟ್ಟುಗಳು ಉಚಿತವಾಗಿ ಸಿಗುತ್ತವೆ. ಒಂದನ್ನು ಇಳಿಸಿಕೊಂಡು ಒಂದು ವಾರ ನೋಡಿ ಅಳಿಸಿಹಾಕಿದೆ. ಆಮೇಲೆ ನಿಯಮವೊಂದನ್ನು ಮಾಡಿಕೊಂಡೆ: ಮಾದರಿ ಪ್ರಶ್ನೆಯಲ್ಲಿಯೋ ಓದಿನಲ್ಲಿಯೋ ನನ್ನನ್ನು ಎಡವಿಸಿದ ಪದಕ್ಕೆ ಮಾತ್ರ ಕಾರ್ಡು. ಮುಂಭಾಗದಲ್ಲಿ ಆ ಪದದ ಜಾಗವನ್ನು ಖಾಲಿ ಬಿಟ್ಟ ಪೂರ್ತಿ ವಾಕ್ಯ, ಹಿಂಭಾಗದಲ್ಲಿ ಪದ, ಅದರ ಕೆಳಗೆ ಕನ್ನಡದ ಅರ್ಥ. ಈ ಕನ್ನಡದ ಸಾಲು ನನ್ನ ಓದನ್ನೇ ಬದಲಿಸಿತು. ಟೆಂಪರ್ ಎಂದರೆ ಸಿಟ್ಟು ಎಂದಷ್ಟೇ ತಿಳಿದಿದ್ದ ನನಗೆ, ಟೀಕೆಯನ್ನು ಹೊಗಳಿಕೆಯಿಂದ ಟೆಂಪರ್ ಮಾಡಿದರು ಎಂಬ ವಾಕ್ಯ ಅರ್ಥವಾಗಿರಲಿಲ್ಲ. ಕಮ್ಮಾರನು ಕತ್ತಿಗೆ ಹದ ಕೊಡುವುದನ್ನು ನೆನೆದು ‘ಹದಗೊಳಿಸು’ ಎಂದು ಬರೆದ ಮೇಲೆ ಅದು ಮತ್ತೆಂದೂ ಮರೆಯಲಿಲ್ಲ. ಕ್ವಾಲಿಫೈ ಎಂದರೆ ಅರ್ಹತೆ ಪಡೆಯುವುದೆಂದು ಎಲ್ಲರಿಗೂ ಗೊತ್ತು, ಆದರೆ ಪರೀಕ್ಷೆಯಲ್ಲಿ ಅದು ಹೇಳಿದ ಮಾತಿಗೆ ಷರತ್ತು ಸೇರಿಸಿ ಅದರ ವ್ಯಾಪ್ತಿಯನ್ನು ಕಡಿಮೆ ಮಾಡುವುದು. ಫ್ಲ್ಯಾಗ್ ಬಾವುಟವೂ ಹೌದು, ಕ್ರಿಯಾಪದವಾದಾಗ ಸೊರಗುವುದೂ ಹೌದು. ಎನರ್ವೇಟ್ ಎಂಬುದು ಕಿವಿಗೆ ಎನರ್ಜಿಯ ನೆಂಟನಂತೆ ಕೇಳಿದರೂ ಅದರ ಅರ್ಥ ನಿತ್ರಾಣಗೊಳಿಸುವುದು. ಫ್ರೂಗಲ್ ಮತ್ತು ಪಾರ್ಸಿಮೋನಿಯಸ್ ಎರಡಕ್ಕೂ ಆ ಆ್ಯಪ್ ಬಹುತೇಕ ಒಂದೇ ಅರ್ಥ ಕೊಟ್ಟಿತ್ತು. ಕನ್ನಡದಲ್ಲಿ ಒಂದಕ್ಕೆ ಮಿತವ್ಯಯಿ, ಇನ್ನೊಂದಕ್ಕೆ ಜಿಪುಣ ಎಂದು ಬರೆಯುತ್ತಲೇ ಒಂದು ಮೆಚ್ಚುಗೆ, ಇನ್ನೊಂದು ನಿಂದನೆ ಎಂಬುದು ತಾನಾಗಿ ಸ್ಪಷ್ಟವಾಯಿತು. ಡಿಸ್‌ಇಂಟರೆಸ್ಟೆಡ್ ಎಂದರೆ ಆಸಕ್ತಿಯಿಲ್ಲದವನಲ್ಲ, ಸ್ವಂತ ಲಾಭದ ದೃಷ್ಟಿಯಿಲ್ಲದ ನಿಷ್ಪಕ್ಷಪಾತಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಯಬೇಕೆಂಬ ಉಪದೇಶವನ್ನು ಎಲ್ಲ ಕಡೆಯೂ ಕೇಳುತ್ತಾರೆ. ಪದಗಳ ನಡುವಿನ ಸೂಕ್ಷ್ಮ ಭೇದವನ್ನು ತಿಳಿಯುವ ವಿಷಯದಲ್ಲಿ ಆ ಉಪದೇಶವನ್ನು ನಾನು ಒಪ್ಪುವುದಿಲ್ಲ. ನಮ್ಮ ಭಾಷೆಯಲ್ಲಿ ಈ ಭೇದಗಳು ಆಗಲೇ ಇವೆ, ಅವನ್ನು ಬಳಸಿಕೊಳ್ಳಬೇಕು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಈ ಕೆಲಸದಲ್ಲಿ ನನ್ನ ಪಕ್ಕದಲ್ಲೇ ಇತ್ತು.

ಬಳಕೆಯಲ್ಲಿ ಎಚ್ಚರವಿರಬೇಕಾದ ಕೆಲವು ಸಂಗತಿಗಳಿವೆ. ಉತ್ತರ ನೋಡಿದ ಮೇಲೆ ಎಗೇನ್, ಹಾರ್ಡ್, ಗುಡ್, ಈಜಿ ಎಂಬ ನಾಲ್ಕು ಗುಂಡಿಗಳು ಬರುತ್ತವೆ. ಹಾರ್ಡ್ ಎಂಬುದು ಕಷ್ಟಪಟ್ಟಾದರೂ ನೆನಪಾದ ಪದಕ್ಕೆ. ಪೂರ್ತಿ ಮರೆತದ್ದಕ್ಕೆ ಎಗೇನ್ ಒತ್ತಬೇಕು. ಮೊದಲ ತಿಂಗಳು ಮರೆತದ್ದಕ್ಕೆಲ್ಲ ಹಾರ್ಡ್ ಒತ್ತಿ, ತಂತ್ರಾಂಶದ ಲೆಕ್ಕವನ್ನು ನಾನೇ ಕೆಡಿಸಿದ್ದೆ. ಎರಡನೆಯದಾಗಿ, ಮೊದಲಿನಿಂದಲೇ ದಿನಕ್ಕೆ 20 ಹೊಸ ಕಾರ್ಡುಗಳೆಂದು ನಿಗದಿಯಾಗಿರುತ್ತದೆ. ಇಷ್ಟು ಚಿಕ್ಕ ಸಂಖ್ಯೆಯೇ ಎನಿಸಿದರೂ ಹಳೆಯವುಗಳ ಪುನರಾವರ್ತನೆ ಸೇರಿ ಕೆಲವೇ ವಾರಗಳಲ್ಲಿ ಹೊರೆಯಾಗುತ್ತದೆ. ನಾನು 12ಕ್ಕೆ ಇಳಿಸಿದೆ. ಕೈಲ್ ಮುಹೂರ್ತದ ಹಬ್ಬಕ್ಕೆ ಮನೆ ತುಂಬ ಬಂಧುಗಳಿದ್ದು ನಾಲ್ಕು ದಿನ ಫೋನ್ ಮುಟ್ಟದೆ ಮರಳಿದಾಗ ನಾನೂರಕ್ಕೂ ಹೆಚ್ಚು ಕಾರ್ಡುಗಳು ಕಾದಿದ್ದವು. ಹೊಸವನ್ನು ಪೂರ್ತಿ ನಿಲ್ಲಿಸಿ ಬಾಕಿ ತೀರಿಸಲು ಒಂದು ವಾರ ಹಿಡಿಯಿತು. ಎಂಟು ಬಾರಿ ಮರೆತ ಕಾರ್ಡಿಗೆ ಆಂಕಿ ಲೀಚ್, ಅಂದರೆ ಜಿಗಣೆ, ಎಂದು ಗುರುತು ಹಾಕುತ್ತದೆ. ಮಳೆಯಲ್ಲಿ ಕಾಫಿ ತೋಟಕ್ಕೆ ಇಳಿದು ಇಂಬಳ ಕಚ್ಚಿಸಿಕೊಂಡವರಿಗೆ ಈ ಹೆಸರು ಎಷ್ಟು ಸರಿಯೆಂದು ವಿವರಿಸಬೇಕಾಗಿಲ್ಲ: ಅಂಥ ಒಂದು ಕಾರ್ಡು ಗೊತ್ತಾಗದಂತೆ ಹತ್ತು ಕಾರ್ಡುಗಳ ಸಮಯವನ್ನು ಹೀರುತ್ತದೆ. ಅದನ್ನು ಮತ್ತೆ ಮತ್ತೆ ಓದುವುದರಿಂದ ಫಲವಿಲ್ಲ. ವಾಕ್ಯ ಬದಲಿಸಿ ಹೊಸದಾಗಿ ಬರೆಯಬೇಕು. ಇಂಜೀನ್ಯುಅಸ್ (ನಿಷ್ಕಪಟ) ಮತ್ತು ಇಂಜೀನಿಯಸ್ (ಕಲ್ಪಕ ಜಾಣ್ಮೆಯ) ನನಗೆ ಹಾಗೆ ಅಂಟಿಕೊಂಡಿದ್ದವು. ಎರಡನ್ನೂ ಒಂದೇ ವಾಕ್ಯದಲ್ಲಿ ತಂದ ಮೇಲೆಯೇ ಬಿಟ್ಟವು.

ಇಷ್ಟೆಲ್ಲ ಹೇಳಿದರೂ, ಗದ್ಯಭಾಗ ಓದುವ ಅಭ್ಯಾಸಕ್ಕೆ ಆಂಕಿಯಿಂದ ನೆರವು ಸಿಗುವುದಿಲ್ಲ, ಅದಕ್ಕಾಗಿ ಅದನ್ನು ರೂಪಿಸಿದ್ದೂ ಅಲ್ಲ. ಪ್ರತಿ ಪದದ ಅರ್ಥ ಗೊತ್ತಿದ್ದೂ ಒಂದು ಪ್ಯಾರಾ ಏನು ಹೇಳುತ್ತಿದೆಯೆಂದು ತಿಳಿಯದ ಸ್ಥಿತಿಯನ್ನು ನಾನು ಆಗಸ್ಟ್‌ನಲ್ಲೂ ಅನುಭವಿಸುತ್ತಿದ್ದೆ. ಕಾರಣ ವಾಕ್ಯದ ಕಟ್ಟಡದಲ್ಲಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಕಾರಣ, ಷರತ್ತು, ಸಂದರ್ಭಗಳೆಲ್ಲ ಮೊದಲೇ ಬಂದು ನಿರ್ಣಯ ಅಂತ್ಯದಲ್ಲಿ ಸಿಗುತ್ತದೆ. ಹಾಗಾಗಿ ನಾವು ಕೊನೆಯವರೆಗೆ ಕಾದು ಓದುತ್ತೇವೆ. ಇಂಗ್ಲಿಷ್ ವಿದ್ವತ್ ಗದ್ಯದಲ್ಲಿ ನಿರ್ಣಯವು ಆರಂಭದಲ್ಲೋ ನಡುವಿನಲ್ಲೋ ಬಂದುಹೋಗಿ, ಅದನ್ನು ತಿದ್ದುವ ಉಪವಾಕ್ಯಗಳು ಆಮೇಲೆ ಬಾಲದಂತೆ ಹಿಂಬಾಲಿಸುತ್ತವೆ. ಉದ್ದನೆಯ ವಾಕ್ಯ ಬಂದಲ್ಲಿ ನಿಂತು ಕರ್ತೃ ಯಾವುದು, ಕ್ರಿಯಾಪದ ಯಾವುದು ಎಂದು ಪೆನ್ಸಿಲಿನಲ್ಲಿ ಗುರುತಿಸಿಕೊಳ್ಳುವುದನ್ನು ಒಂದು ತಿಂಗಳು ಮಾಡಿದೆ. ಅದಕ್ಕೆ ರೆವರೆಂಡ್ ಜಿ. ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ಮ್ಯಾನ್ಯುಯಲನ್ನು, ಅಂದರೆ ಕೊಡಗಿನ ವಿವರಗಳಿರುವ ಇಂಗ್ಲಿಷ್ ಕೈಪಿಡಿಯನ್ನು, ಆರಿಸಿಕೊಂಡೆ. ಅದರಲ್ಲಿರುವ ಬೆಟ್ಟ, ಹೊಳೆ, ಕಾಡು, ಬೇಸಾಯದ ವಿಷಯಗಳು ನಮಗೆ ಪರಿಚಿತವಾದವು. ಅಪರಿಚಿತವಾದದ್ದು ಭಾಷೆಯೊಂದೇ ಆದ್ದರಿಂದ ಗಮನವೆಲ್ಲ ಅದರ ಮೇಲೆ ನಿಲ್ಲುತ್ತದೆ. ಆ ಕಾಲದ ಅಧಿಕಾರಸ್ಥರ ದೃಷ್ಟಿಯನ್ನು ಒಪ್ಪಬೇಕಾಗಿಲ್ಲ, ವಾಕ್ಯಗಳ ಜೊತೆ ಸೆಣಸಿದರೆ ಸಾಕು.

ಇನ್ನು ಇಟಿಎಸ್‌ನ ಪವರ್‌ಪ್ರೆಪ್ ಉಚಿತ ಮಾದರಿ ಪರೀಕ್ಷೆಗಳು. ಪರೀಕ್ಷೆಯನ್ನು ರೂಪಿಸುವ ಸಂಸ್ಥೆಯದೇ ಆದ್ದರಿಂದ ಗದ್ಯಭಾಗಗಳ ಧ್ವನಿ, ತಪ್ಪು ಆಯ್ಕೆಗಳನ್ನು ಹೆಣೆದಿರುವ ರೀತಿ, ಪರದೆಯ ಮೇಲೆ ಪ್ರಶ್ನೆಗಳಿಗೆ ಗುರುತು ಹಾಕಿ ಮರಳಿ ನೋಡುವ ವ್ಯವಸ್ಥೆ ಎಲ್ಲವೂ ಪರೀಕ್ಷೆಯಲ್ಲಿ ಇರುವಂತೆಯೇ ಇವೆ. ಇತರರು ತಯಾರಿಸಿದ ಪ್ರಶ್ನೆಗಳಲ್ಲಿ ಈ ನಿಖರತೆಯನ್ನು ನಾನು ಕಾಣಲಿಲ್ಲ. ಇಂಥವು ಎರಡೇ ಉಚಿತವಾಗಿ ಸಿಗುವುದರಿಂದ ಜೋಪಾನವಾಗಿ ಬಳಸಬೇಕು. ಮೊದಲನೆಯದನ್ನು ಆರಂಭದಲ್ಲೇ, ಎರಡನೆಯದನ್ನು ಪರೀಕ್ಷೆಗೆ ಹತ್ತು ದಿನ ಮೊದಲು ಮಾಡಿದೆ. ನಡುವೆ ಮೊದಲನೆಯದರ ಪ್ರತಿ ಪ್ರಶ್ನೆಗೂ ಸರಿಯುತ್ತರ ಯಾಕೆ ಸರಿ, ಉಳಿದವು ಗದ್ಯದ ಯಾವ ಪದದಿಂದಾಗಿ ತಪ್ಪು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡೆ. ಆಗ ನನ್ನದೇ ಒಂದು ದೋಷ ಕೈಗೆ ಸಿಕ್ಕಿತು. ಕಾಡು, ಕೀಟ, ಮಣ್ಣಿನ ಕುರಿತ ಗದ್ಯಗಳಲ್ಲೇ ನನ್ನ ತಪ್ಪುಗಳು ಹೆಚ್ಚಿದ್ದವು, ಏಕೆಂದರೆ ಅಲ್ಲಿ ಬರೆದದ್ದನ್ನು ಬಿಟ್ಟು ತರಗತಿಯಲ್ಲಿ ಕಲಿತದ್ದರಿಂದ ಉತ್ತರಿಸುತ್ತಿದ್ದೆ. ಸಂಗೀತದ ಇತಿಹಾಸದಂಥ, ಏನೂ ಗೊತ್ತಿಲ್ಲದ ವಿಷಯಗಳಲ್ಲಿ ಗದ್ಯವನ್ನಷ್ಟೇ ನಂಬಿ ಸರಿಯಾಗಿ ಬರೆದಿದ್ದೆ.

ಮನೆಯಿಂದಲೇ ಪರೀಕ್ಷೆ ಬರೆಯುವ ಅವಕಾಶವೂ ಇದೆ, ಆದರೆ ನಮ್ಮ ಕಡೆಯ ಕರೆಂಟನ್ನು ನಂಬಿ ಅದಕ್ಕೆ ಒಪ್ಪುವ ಧೈರ್ಯ ಬರಲಿಲ್ಲ. ಹಿಂದಿನ ದಿನವೇ ಬೆಂಗಳೂರಿಗೆ ಹೋಗಿ ಕೇಂದ್ರದಲ್ಲಿ ಬರೆದೆ. ಆ ಹೊತ್ತಿಗೆ ನನ್ನ ಕಟ್ಟಿನಲ್ಲಿ ಸುಮಾರು ಒಂಬೈನೂರು ಕಾರ್ಡುಗಳಿದ್ದವು. ಮೊದಲ ಮಾದರಿ ಪರೀಕ್ಷೆಯಲ್ಲಿ 146 ಇದ್ದ ವರ್ಬಲ್ ಅಂಕ ಕೊನೆಗೆ 157ಕ್ಕೆ ಬಂತು. ಈ ಏರಿಕೆಯಲ್ಲಿ ಶಬ್ದಗಳ ಪಾಲು ಅರ್ಧ, ವಾಕ್ಯ ಬಿಡಿಸಿ ಓದಿದ್ದರ ಪಾಲು ಅರ್ಧ ಎಂದು ನನ್ನ ಅಂದಾಜು.

ನನ್ನ ಕಟ್ಟನ್ನೇ ಕೊಡಿ ಎಂದು ಕಿರಿಯರು ಕೇಳುತ್ತಿದ್ದಾರೆ. ಕೊಡುತ್ತೇನೆ, ಆದರೆ ಮೊದಲ ಐವತ್ತು ಕಾರ್ಡುಗಳನ್ನು ತಾವೇ ಬರೆದ ಮೇಲೆ ತೆಗೆದುಕೊಳ್ಳಿ ಎನ್ನುತ್ತಿದ್ದೇನೆ. ನಾಲ್ಕು ತಿಂಗಳ ಸಮಯವಿದ್ದರೆ ಆಂಕಿ ಖಂಡಿತ ಸೂಕ್ತ; ಪರೀಕ್ಷೆಗೆ ಮೂರೇ ವಾರ ಉಳಿದವರಿಗೆ ಅದರ ಅಂತರಗಳು ಫಲ ಕೊಡಲು ಕಾಲ ಸಾಲದು, ಅಂಥವರು ಮಾದರಿ ಪರೀಕ್ಷೆಗಳಿಗೇ ಗಮನ ಕೊಡುವುದು ಮೇಲು. ಐಫೋನಿನ ಆ್ಯಪ್‌ಗೆ ಮಾತ್ರ ಹಣ ಕೊಡಬೇಕು. ಅಷ್ಟು ಬೇಡವೆನಿಸಿದವರು ಬ್ರೌಸರಿನಲ್ಲಿ ಆಂಕಿವೆಬ್ ತೆರೆದು ಉಚಿತವಾಗಿಯೇ ಅಭ್ಯಾಸ ಮಾಡಬಹುದು, ಆದರೆ ಅದಕ್ಕೆ ನೆಟ್‌ವರ್ಕ್ ಇರಲೇಬೇಕಾದ್ದರಿಂದ ಜುಲೈ ತಿಂಗಳಿಗೆ ಬೇರೆ ದಾರಿ ನೋಡಿಕೊಳ್ಳಬೇಕಾಗುತ್ತದೆ.